ಪುಸ್ತಕದೊಂದಿಗೆ ಉಪನ್ಯಾಸವನ್ನೂ ಕೊಟ್ಟವನು



ವಿಶ್ವವಿದ್ಯಾನಿಲಯಗಳಿಗೆ ದಾನವಾಗಿ ಬರುವ ಖಾಸಗಿ ಸಂಗ್ರಹಗಳನ್ನು ಕುರಿತ ಈ ವಿಚಾರ ಸಂಕಿರಣವನ್ನು ಸ್ಯಾಮ್ಯುಯೆಲ್ ಸ್ಯಾಂಡರ್ಸ್ ಎಂಬಾತನ ಹೆಸರಿನಿಂದ ಆರಂಭಿಸುತ್ತೇನೆ. 1837ರಲ್ಲಿ ಹುಟ್ಟಿ 1894ರಲ್ಲಿ ತೀರಿಕೊಂಡ ಈತ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದವನು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಅನುಕೂಲಸ್ಥರು ಹಳೆಯ ಪುಸ್ತಕ ಕೂಡಿಹಾಕುವುದು ಅಪರೂಪವಾಗಿರಲಿಲ್ಲ. ಯಜಮಾನ ಸತ್ತ ಮೇಲೆ ಅವು ಹರಾಜಿಗೆ ಬೀಳುವುದೂ ಅಪರೂಪವಾಗಿರಲಿಲ್ಲ. 1872ರಲ್ಲಿ ತೀರಿಕೊಂಡ ಸರ್ ಥಾಮಸ್ ಫಿಲಿಪ್ಸ್ ಗುಡ್ಡೆಹಾಕಿದ್ದ ಹಸ್ತಪ್ರತಿಗಳನ್ನು ಮಾರಿ ಮುಗಿಸಲು ನೂರು ವರ್ಷವೂ ಸಾಲಲಿಲ್ಲ!

ಸ್ಯಾಂಡರ್ಸ್‌ನ ಗೀಳು ಕಾಗದದ ಬದಲು ವೆಲ್ಲಮ್, ಅಂದರೆ ಹದಮಾಡಿದ ಕರುವಿನ ಚರ್ಮದ ಮೇಲೆ ಅಚ್ಚಾದ ಪುಸ್ತಕಗಳದ್ದು. ಕಾಗದ ಕೈಗೆಟಕುತ್ತಿದ್ದರೂ ಮುದ್ರಕರು ಕೆಲವು ಪ್ರತಿಗಳನ್ನು ಹೀಗೆ ತೆಗೆಯುತ್ತಿದ್ದರು. ಗುಟೆನ್‌ಬರ್ಗ್‌ನ ಬೈಬಲ್ಲಿನ ಒಂದು ಚರ್ಮದ ಪ್ರತಿಗೆ ಸುಮಾರು 170 ಕರುಗಳ ಚರ್ಮ ಬೇಕಾಯಿತೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಇಂಥ ಪುಸ್ತಕಗಳನ್ನು ಕೊಳ್ಳುವುದರಲ್ಲೇ ಸ್ಯಾಂಡರ್ಸ್ ತೃಪ್ತನಾಗಲಿಲ್ಲ. ಕೇಂಬ್ರಿಡ್ಜ್‌ನ ವಿಶ್ವವಿದ್ಯಾನಿಲಯ ಹಾಗೂ ಕಾಲೇಜು ಗ್ರಂಥಾಲಯಗಳಲ್ಲಿ ಅವು ಎಲ್ಲೆಲ್ಲಿವೆಯೆಂದು ಹುಡುಕಿ, 1878ರಲ್ಲಿ ಟಿಪ್ಪಣಿ ಸಹಿತವಾದ ಪಟ್ಟಿಯೊಂದನ್ನು ಪ್ರಕಟಿಸಿದ. ತನ್ನದಲ್ಲದ ಕಪಾಟುಗಳಿಗಾಗಿ ಇಷ್ಟು ದುಡಿದ ಸಂಗ್ರಾಹಕ ಎಂಬುದೇ ನನಗೆ ಅವನ ಮೇಲಿರುವ ಗೌರವಕ್ಕೆ ಕಾರಣ.

ಆಗ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕನಾಗಿದ್ದವನು ಹೆನ್ರಿ ಬ್ರಾಡ್‌ಶಾ. ಇಸವಿಯಾಗಲಿ ಮುದ್ರಕನ ಹೆಸರಾಗಲಿ ಇಲ್ಲದ 15ನೆಯ ಶತಮಾನದ ಪುಸ್ತಕವನ್ನು ಅದರ ಅಚ್ಚುಮೊಳೆಗಳ ರೂಪ ನೋಡಿ, ಯಾವ ಊರಿನ ಯಾವ ಮುದ್ರಣಾಲಯದ್ದೆಂದು ಗುರುತಿಸುವ ವಿಧಾನವನ್ನು ಬೆಳೆಸಿದವನು ಈತ. ಪುಸ್ತಕದೊಳಗಿನ ಮಾತಿನಷ್ಟೇ ಪುಸ್ತಕವೆಂಬ ವಸ್ತುವೂ ಸಾಕ್ಷಿ ನುಡಿಯುತ್ತದೆ ಎಂಬ ಈ ದೃಷ್ಟಿ ಗ್ರಂಥಾಲಯದಲ್ಲಿ ಬೇರೂರಿದ್ದ ಕಾಲದಲ್ಲೇ ಸ್ಯಾಂಡರ್ಸ್ ಅದಕ್ಕೆ ತನ್ನ ಪುಸ್ತಕಗಳನ್ನು ಕೊಡುತ್ತಾ ಬಂದದ್ದು.

ಕೊನೆಗೆ ಉಯಿಲಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಪುಸ್ತಕ, ಹಸ್ತಪ್ರತಿಗಳ ಜೊತೆಗೆ 2000 ಪೌಂಡ್ ಬರೆದಿಟ್ಟ. ಅದು ಕಟ್ಟಡಕ್ಕಲ್ಲ, ಕಪಾಟಿಗಲ್ಲ, ಗ್ರಂಥಶಾಸ್ತ್ರದ ಉಪನ್ಯಾಸಪೀಠಕ್ಕೆ. 1895ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಮುಖ್ಯಸ್ಥ, ಲಿಪಿಶಾಸ್ತ್ರಜ್ಞ ಎಡ್ವರ್ಡ್ ಮಾಂಡ್ ಥಾಂಪ್ಸನ್‌ನಿಂದ ಅದು ಆರಂಭವಾಯಿತು. ಮುಂದೆ ಎಂ. ಆರ್. ಜೇಮ್ಸ್ (ಸಾಮಾನ್ಯ ಓದುಗರಿಗೆ ಈತ ದೆವ್ವದ ಕತೆಗಳಿಂದಲೇ ಪರಿಚಿತ), 1913ರಲ್ಲಿ ಗ್ರಂಥಸಂಪಾದನೆಯ ದಿಗ್ಗಜ ಡಬ್ಲ್ಯು. ಡಬ್ಲ್ಯು. ಗ್ರೆಗ್ ಅಲ್ಲಿ ಮಾತನಾಡಿದರು. ಉಪನ್ಯಾಸಗಳು ಇಂದಿಗೂ ನಡೆಯುತ್ತಿವೆ. ನನ್ನ ಮಟ್ಟಿಗೆ ಅವನ ಚರ್ಮದ ಪುಸ್ತಕಗಳೆಲ್ಲಕ್ಕಿಂತ ಈ 2000 ಪೌಂಡಿನ ಬೆಲೆ ಹೆಚ್ಚು. ಕೊಟ್ಟ ಪುಸ್ತಕವನ್ನು ಯಾರಾದರೂ ಬಿಡಿಸಿ ನೋಡುತ್ತಲೇ ಇರಬೇಕೆಂದು ಅವನು ಏರ್ಪಾಡು ಮಾಡಿಹೋದ.

ಈ ಎರಡು ದಿನಗಳ ಗೋಷ್ಠಿಗಳಲ್ಲಿ ನೀವು ಎರಡು ವಿಷಯಗಳನ್ನು ಖಚಿತವಾಗಿ ಚರ್ಚಿಸಬೇಕೆಂದು ಕೋರುತ್ತೇನೆ. ದಾನವಾಗಿ ಬಂದ ಪುಸ್ತಕಕ್ಕೆ ಹೊಸ ರಟ್ಟು ಹಾಕುವ ಮೊದಲು ಹಳೆಯ ರಟ್ಟು, ಒಡೆಯನ ಸಹಿ, ಅಂಚಿನ ಬರಹ ಎಲ್ಲವನ್ನೂ ದಾಖಲಿಸುವ ನಿಯಮ ಮಾಡಿ. ಪುಸ್ತಕ ಕೊಡಲು ಬಂದ ಕುಟುಂಬದವರಲ್ಲಿ, ಅದನ್ನು ಅಧ್ಯಯನ ಮಾಡುವವರಿಗಾಗಿ ಒಂದು ಸಣ್ಣ ದತ್ತಿಯನ್ನೂ ಕೇಳಿ, ಸಂಕೋಚ ಬೇಡ.