ಬೈಬಲ್ ಕಥೆ, ಚಲಿಸುವ ಚಿತ್ರ, ಮನೆಯ ಮಕ್ಕಳು



ಕಾರ್ಟೂನ್ ಚಿತ್ರ ಎಂದೊಡನೆ ನಿಮಗೆ ಮೊದಲು ನೆನಪಾಗುವುದು ಇಲಿಯ ಬೆನ್ನಟ್ಟುವ ಬೆಕ್ಕು. ತಲೆಯ ಮೇಲೆ ಬಂಡೆ ಬಿದ್ದು ಚಪ್ಪಟೆಯಾದ ಬೆಕ್ಕು ಮರುಕ್ಷಣವೇ ಮೈ ಕೊಡವಿಕೊಂಡು ಏಳುತ್ತದೆ. ಅಲ್ಲಿ ಪೆಟ್ಟಿಗೆ ನೋವಿಲ್ಲ, ಯಾರಿಗೂ ಸಾವಿಲ್ಲ. ಆದ್ದರಿಂದಲೇ ಮಕ್ಕಳನ್ನು ಅದರ ಮುಂದೆ ಕೂರಿಸಿ ಹಿರಿಯರು ನಿಶ್ಚಿಂತೆಯಿಂದ ತಮ್ಮ ಕೆಲಸಕ್ಕೆ ಹೋಗುವುದುಂಟು.

ಆದರೆ ಬೈಬಲಿನ ಕಥೆಗಳು ಹಾಗಲ್ಲ. ಅಲ್ಲಿ ಅಣ್ಣ ಕಾಯಿನನು ತಮ್ಮ ಹೇಬೆಲನನ್ನು ಕೊಲ್ಲುತ್ತಾನೆ. ಜಲಪ್ರಳಯದಲ್ಲಿ ನಾವೆಯೊಳಗಿದ್ದವರು ಉಳಿದು ಹೊರಗಿದ್ದವರೆಲ್ಲ ಮುಳುಗುತ್ತಾರೆ. ಒಡಹುಟ್ಟಿದವರೇ ಯೋಸೇಫನನ್ನು ಹಣಕ್ಕೆ ಮಾರುತ್ತಾರೆ. ಹೆರೋದ ರಾಜನು ಬೇತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲಿಸುತ್ತಾನೆ. ಕೋಟ್ಯಂತರ ಜನರಿಗೆ ಪವಿತ್ರವಾದ ಇಂಥ ಕಥೆಗಳನ್ನು, ಅಜ್ಜಿಯಿಂದ ಹಿಡಿದು ಐದು ವರ್ಷದ ಮೊಮ್ಮಗಳವರೆಗೆ ಎಲ್ಲರೂ ಕುಳಿತು ನೋಡುವಂತೆ ಚಿತ್ರಿಸುವುದು ಹೇಗೆ? ಭಯಾನಕವಾದುದನ್ನೆಲ್ಲ ಬಿಟ್ಟುಬಿಟ್ಟರೆ ಕಥೆಯೇ ಸುಳ್ಳಾಗುತ್ತದೆ. ಇದ್ದದ್ದನ್ನು ಇದ್ದಂತೆಯೇ ತೋರಿಸಿದರೆ ಮಗು ಹೆದರುತ್ತದೆ. ಅದಕ್ಕಿಂತಲೂ ದೊಡ್ಡ ಅಪಾಯ ಇನ್ನೊಂದಿದೆ: ಶತ್ರುವಿನ ಸಾವನ್ನು ಕಂಡು ಚಪ್ಪಾಳೆ ತಟ್ಟುವುದನ್ನು ಮಗು ಕಲಿತುಬಿಡಬಹುದು. ಈ ಇಕ್ಕಟ್ಟನ್ನು ಕೆಲವು ಚಿತ್ರಗಳು ಹೇಗೆ ಎದುರಿಸಿವೆ ಎಂಬುದೇ ಇಂದಿನ ನಮ್ಮ ವಿಷಯ.

ಮೊದಲಿಗೆ ಸ್ವಲ್ಪ ಹಿನ್ನೆಲೆ. ಜಪಾನಿನ ತತ್ಸುನೊಕೊ ಸಂಸ್ಥೆಯು ಅಮೆರಿಕದ ಕ್ರೈಸ್ತ ಪ್ರಸಾರ ಸಂಸ್ಥೆಯೊಂದಕ್ಕಾಗಿ 1981ರಲ್ಲಿ 'ಸೂಪರ್‌ಬುಕ್' ಎಂಬ ಸರಣಿಯನ್ನು ತಯಾರಿಸಿತು. ಪುಸ್ತಕವೊಂದು ತಾನಾಗಿಯೇ ತೆರೆದುಕೊಂಡು ಇಬ್ಬರು ಮಕ್ಕಳನ್ನು ಬೈಬಲಿನ ಕಾಲಕ್ಕೆ ಕರೆದೊಯ್ಯುವುದು ಅದರ ತಂತ್ರ. ಬೆಕ್ಕು-ಇಲಿಗಳ ಟಾಮ್ ಅಂಡ್ ಜೆರ್ರಿಯನ್ನು ಸೃಷ್ಟಿಸಿದ ಹಾನ್ನಾ ಮತ್ತು ಬಾರ್ಬೆರಾ ಅವರ ಸಂಸ್ಥೆಯೇ 1985ರಿಂದ ಬೈಬಲ್ ಕಥೆಗಳ ವಿಡಿಯೋ ಕ್ಯಾಸೆಟ್‌ಗಳನ್ನು ಹೊರತಂದಿತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಇವೆಲ್ಲ ಹೆಚ್ಚಾಗಿ ಮನೆಯಲ್ಲಿ, ಭಾನುವಾರದ ಪಾಠಶಾಲೆಯಲ್ಲಿ ನೋಡುವ ಚಿತ್ರಗಳಾಗಿದ್ದವು. ದೊಡ್ಡ ಚಿತ್ರಮಂದಿರಕ್ಕಾಗಿ, ಎಲ್ಲ ಮತದವರನ್ನೂ ಕಣ್ಣಮುಂದಿಟ್ಟುಕೊಂಡು ಅದ್ದೂರಿಯಾಗಿ ತಯಾರಾಗಿ ಹೆಸರು ಮಾಡಿದ್ದು 1998ರ ಡಿಸೆಂಬರಿನಲ್ಲಿ ತೆರೆಕಂಡ 'ದಿ ಪ್ರಿನ್ಸ್ ಆಫ್ ಈಜಿಪ್ಟ್'. ಡ್ರೀಮ್‌ವರ್ಕ್ಸ್ ಸಂಸ್ಥೆಯ ಈ ಚಿತ್ರವನ್ನು ಬ್ರೆಂಡಾ ಚಾಪ್‌ಮನ್, ಸ್ಟೀವ್ ಹಿಕ್ನರ್ ಮತ್ತು ಸೈಮನ್ ವೆಲ್ಸ್ ಎಂಬ ಮೂವರು ನಿರ್ದೇಶಿಸಿದರು.

ಇದರ ಕಥೆ ಬೈಬಲಿನ ವಿಮೋಚನಕಾಂಡದ್ದು. ಈಜಿಪ್ಟಿನಲ್ಲಿ ಇಬ್ರಿಯರು ಗುಲಾಮರಾಗಿದ್ದಾರೆ. ಅವರ ಸಂಖ್ಯೆ ಬೆಳೆಯುವುದನ್ನು ಕಂಡು ಬೆದರಿದ ಫರೋಹನು ಅವರಿಗೆ ಹುಟ್ಟುವ ಗಂಡು ಕೂಸುಗಳನ್ನೆಲ್ಲ ನೈಲ್ ನದಿಗೆ ಎಸೆಯಲು ಅಪ್ಪಣೆ ಮಾಡುತ್ತಾನೆ. ತಾಯಿಯೊಬ್ಬಳು ತನ್ನ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ನದಿಯಲ್ಲಿ ಬಿಡುತ್ತಾಳೆ. ಅರಮನೆ ಸೇರಿ ರಾಜಕುವರನಂತೆ ಬೆಳೆದ ಆ ಮಗುವೇ ಮೋಶೆ. ಮುಂದೆ ದೇವರ ಕರೆಗೆ ಓಗೊಟ್ಟು, ಹತ್ತು ಉಪದ್ರವಗಳ ನಂತರ, ತನ್ನ ಜನರನ್ನು ಕೆಂಪು ಸಮುದ್ರ ದಾಟಿಸಿ ಬಿಡುಗಡೆಯ ಕಡೆಗೆ ನಡೆಸುವವನೂ ಅವನೇ.

ಗ್ರಂಥವನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರವನ್ನು ನೋಡಿದರೆ ಹಲವು ವ್ಯತ್ಯಾಸಗಳು ನಿಮಗೆ ಕಾಣುತ್ತವೆ. ಗ್ರಂಥದಲ್ಲಿ ಬುಟ್ಟಿಯನ್ನು ಕಂಡವಳು ಫರೋಹನ ಮಗಳು, ಚಿತ್ರದಲ್ಲಿ ಫರೋಹನ ರಾಣಿ. ಗ್ರಂಥದಲ್ಲಿ ಫರೋಹನಿಗೆ ಹೆಸರಿಲ್ಲ, ಚಿತ್ರದಲ್ಲಿ ತಂದೆ ಸೇಟಿ, ಮಗ ರಾಮ್ಸೆಸ್. ಇಬ್ರಿಯನನ್ನು ಹೊಡೆಯುತ್ತಿದ್ದ ಈಜಿಪ್ಟಿನವನನ್ನು ಮೋಶೆಯು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ತಿಳಿದು ಕೊಂದು, ಮರಳಿನಲ್ಲಿ ಹೂತಿಟ್ಟನೆಂದು ಗ್ರಂಥ ಹೇಳುತ್ತದೆ. ಚಿತ್ರದಲ್ಲಾದರೋ ಆವೇಶದಲ್ಲಿ ತಳ್ಳಿದಾಗ ಕಾವಲುಗಾರನು ಅಟ್ಟಣೆಯಿಂದ ಬಿದ್ದು ಸಾಯುತ್ತಾನೆ. ಫರೋಹನ ಮುಂದೆ ನಿಂತಾಗ ಮೋಶೆಗೆ 80 ವರ್ಷ, ಅವನ ಪರವಾಗಿ ಮಾತನಾಡುತ್ತಿದ್ದ ಅಣ್ಣ ಆರೋನನಿಗೆ 83 ವರ್ಷ ಎಂದು ಗ್ರಂಥದಲ್ಲಿದೆ. ಚಿತ್ರದ ಮೋಶೆ ಇನ್ನೂ ಯುವಕ, ಅವನ ಮಾತೂ ಸರಾಗ.

ಇವುಗಳಲ್ಲಿ ಕೆಲವು ಕಥೆಯನ್ನು ಸರಳಗೊಳಿಸಲು ಮಾಡಿದ ಬದಲಾವಣೆಗಳು. ಕೊಲೆಯ ಪ್ರಸಂಗವನ್ನು ಮೆತ್ತಗೆ ಮಾಡಿದ್ದು ನಾಯಕನ ಮೇಲಿನ ಮಮತೆಯಿಂದ ಎನ್ನಬೇಕು. ಅದನ್ನು ಒಪ್ಪಬೇಕಾಗಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಸೇರ್ಪಡೆ ಬೇರೊಂದು: ಮೋಶೆ ಮತ್ತು ರಾಮ್ಸೆಸ್ ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು ಎಂಬುದು. ಒಟ್ಟಿಗೆ ರಥ ಓಡಿಸಿದವರು, ಒಟ್ಟಿಗೆ ಬೈಸಿಕೊಂಡವರು, ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿದವರು. ಗ್ರಂಥದಲ್ಲಿ ಇದರ ಸುಳಿವೂ ಇಲ್ಲ. ನಮ್ಮ ತಾಳಮದ್ದಲೆಯ ಅರ್ಥಧಾರಿಗಳು ಪ್ರಸಂಗದ ಪದ್ಯದಲ್ಲಿಲ್ಲದ ಮಾತನ್ನು ಪಾತ್ರದ ಬಾಯಲ್ಲಿ ಬೆಳೆಸುವಂತೆ, ಚಿತ್ರಕಾರರು ಇಲ್ಲಿ ಒಂದು ಸಂಬಂಧವನ್ನೇ ಬೆಳೆಸಿದ್ದಾರೆ. ಅರ್ಥಧಾರಿಯ ಮಾತು ಪ್ರಸಂಗದ ಆಶಯವನ್ನು ಬೆಳಗಿಸಿತೇ ಕೆಡಿಸಿತೇ ಎಂದು ನಾವು ಕೇಳುವಂತೆ, ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಈ ಸೇರ್ಪಡೆಯಿಂದ ಏನಾಯಿತು ನೋಡಿ. ಎದುರಾಳಿ ರಾಕ್ಷಸನಾಗಿ ಉಳಿಯಲಿಲ್ಲ. ತಂದೆಯ ಸಾಮ್ರಾಜ್ಯದಲ್ಲಿ ತಾನು ದುರ್ಬಲವಾದ ಕೊಂಡಿಯಾಗಬಾರದೆಂಬ ಭಯದಿಂದ ಹಟ ಹಿಡಿದ ಒಬ್ಬ ಮಗನಾದ. ಹತ್ತನೆಯ ಉಪದ್ರವವು ಈಜಿಪ್ಟಿನ ಚೊಚ್ಚಲು ಮಕ್ಕಳ ಸಾವು. ಮಕ್ಕಳ ಚಿತ್ರದಲ್ಲಿ ತೋರಿಸಲು ಇದಕ್ಕಿಂತ ಕಠಿಣವಾದದ್ದು ಇನ್ನಿಲ್ಲ. ಇಲ್ಲಿ ಸಂಗೀತ ನಿಲ್ಲುತ್ತದೆ, ಬಣ್ಣಗಳು ಮಾಸುತ್ತವೆ. ಬಿಳಿಯ ಹೊಗೆಯಂಥದೊಂದು ಬೀದಿಗಳಲ್ಲಿ ಹರಿಯುತ್ತದೆ. ಕೊಡ ಹಿಡಿದ ಹುಡುಗನೊಬ್ಬ ಬಾಗಿಲ ಮರೆಗೆ ಹೋಗುತ್ತಾನೆ, ಒಂದು ಉಸಿರಿನ ಸದ್ದು, ಕೊಡ ಉರುಳುತ್ತದೆ. ಅಷ್ಟೇ. ರಕ್ತವಿಲ್ಲ, ಚೀತ್ಕಾರವಿಲ್ಲ. ಆದರೂ ನಡೆದದ್ದೇನೆಂಬುದು ಮಗುವಿಗೂ ತಿಳಿಯುತ್ತದೆ. ಮರುದಿನ ಸತ್ತ ಮಗನ ಬಳಿ ಕುಳಿತ ರಾಮ್ಸೆಸ್‌ನನ್ನು ಕಂಡು ಹೊರಬಂದ ಮೋಶೆ, ಗೋಡೆಗೊರಗಿ ಕುಸಿದು ಅಳುತ್ತಾನೆ. ತನ್ನ ಜನರಿಗೆ ಬಿಡುಗಡೆ ಸಿಕ್ಕ ಗಳಿಗೆಯಲ್ಲಿಯೇ ಅವನು ಅಳುತ್ತಾನೆ.

ಇದನ್ನು ಕೇವಲ ಹಾಲಿವುಡ್ಡಿನ ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ. ಯೆಹೂದ್ಯರು ಈ ಬಿಡುಗಡೆಯನ್ನು ನೆನೆದು ಪ್ರತಿ ವರ್ಷ ಪಸ್ಕ ಹಬ್ಬ ಆಚರಿಸುತ್ತಾರೆ. ಆ ರಾತ್ರಿಯ ಊಟದಲ್ಲಿ ಹತ್ತು ಉಪದ್ರವಗಳ ಹೆಸರು ಹೇಳುವಾಗ ಒಂದೊಂದಕ್ಕೂ ಒಂದೊಂದು ಹನಿ ದ್ರಾಕ್ಷಾರಸವನ್ನು ಬಟ್ಟಲಿನಿಂದ ತೆಗೆಯುವ ಪದ್ಧತಿಯಿದೆ. ಈಜಿಪ್ಟಿನವರೂ ನೊಂದರು, ಆದ್ದರಿಂದ ನಮ್ಮ ಸಂತೋಷದ ಬಟ್ಟಲು ತುಂಬಿರಬಾರದು ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಸಮುದ್ರದಲ್ಲಿ ಈಜಿಪ್ಟಿನ ಸೈನ್ಯ ಮುಳುಗುತ್ತಿದ್ದಾಗ ಹಾಡಲು ಹೊರಟ ದೇವದೂತರನ್ನು ದೇವರೇ ಗದರಿಸಿದನೆಂಬ ಕಥೆ ಅವರ ತಾಲ್ಮುದ್ ಗ್ರಂಥದಲ್ಲಿದೆ. ಮುಳುಗುತ್ತಿರುವವರೂ ಅವನ ಕೈಯ ಸೃಷ್ಟಿಯೇ ಅಲ್ಲವೆ? ಚಿತ್ರದ ಮೋಶೆಯ ಕಣ್ಣೀರಿನ ಬೇರು ಈ ಹಳೆಯ ಪರಂಪರೆಯಲ್ಲಿಯೇ ಇದೆ.

ಚಿತ್ರದ ಹಾಡೊಂದರಲ್ಲಿ ಇದೇ ವಿವೇಕ ಇನ್ನಷ್ಟು ಸೂಕ್ಷ್ಮವಾಗಿ ಕಾಣುತ್ತದೆ. ಸ್ಟೀಫನ್ ಶ್ವಾರ್ಟ್ಜ್ ರಚಿಸಿದ 'ವೆನ್ ಯು ಬಿಲೀವ್' ಎಂಬ ಹಾಡು ಆಸ್ಕರ್ ಪ್ರಶಸ್ತಿ ಪಡೆಯಿತು. ಅದರ ನಡುವೆ ಮಕ್ಕಳು ಹೀಬ್ರೂ ಭಾಷೆಯಲ್ಲಿ ಕೆಲವು ಸಾಲು ಹಾಡುತ್ತಾರೆ. ಅವು ವಿಮೋಚನಕಾಂಡದ 15ನೆಯ ಅಧ್ಯಾಯದ ಜಯಗೀತೆಯ ಸಾಲುಗಳು. ಗ್ರಂಥದಲ್ಲಿ ಆ ಗೀತೆಯನ್ನು ಹಾಡುವುದು ಶತ್ರುಸೈನ್ಯ ಮುಳುಗಿದ ಮೇಲೆ, ಸಮುದ್ರದ ದಡದಲ್ಲಿ. ಚಿತ್ರದಲ್ಲಿ ಅದು ಬರುವುದು ಸಮುದ್ರಕ್ಕಿಂತ ಮುಂಚೆ, ಜನರು ಗಂಟುಮೂಟೆ ಕಟ್ಟಿಕೊಂಡು ಮಕ್ಕಳು ಮುದುಕರೊಡನೆ ಊರು ಬಿಡುವಾಗ. ಕುದುರೆಗಳೂ ಸವಾರರೂ ಮುಳುಗಿದ ಮಾತು ಅಲ್ಲಿಲ್ಲ. ಹೀಗೆ ಒಂದು ಹಾಡಿನ ಜಾಗ ಬದಲಾಯಿಸಿದ್ದರಿಂದ, ಮಕ್ಕಳು ಹಾಡುವುದು ಬಿಡುಗಡೆಗಾಗಿ ಆಯಿತೇ ಹೊರತು ಹೆಣಗಳ ಮುಂದೆ ಆಗಲಿಲ್ಲ. ಕೊನೆಗೆ ಸೈನ್ಯ ಕಳೆದುಕೊಂಡ ರಾಮ್ಸೆಸ್ ಒಂಟಿಯಾಗಿ ದಡದಲ್ಲಿ ಕೂಗುತ್ತಾನೆ. ಆಚೆ ದಡದಲ್ಲಿ ಮೋಶೆ ಅಣ್ಣನಿಗೆ ಮೆಲ್ಲನೆ ವಿದಾಯ ಹೇಳುತ್ತಾನೆ.

ಇನ್ನೊಂದು ದೊಡ್ಡ ಸಮಸ್ಯೆ ದೇವರ ಧ್ವನಿಯದು. ಉರಿದರೂ ಸುಟ್ಟುಹೋಗದ ಪೊದೆಯಿಂದ ದೇವರು ಮಾತನಾಡುತ್ತಾನೆ. ಗುಡುಗಿನಂಥ ಗಡಸು ದನಿ ಹಾಕುವುದು ಸುಲಭವಿತ್ತು. ಹಾಗೆ ಮಾಡದೆ, ಮೋಶೆಗೆ ದನಿ ಕೊಟ್ಟ ನಟ ವಾಲ್ ಕಿಲ್ಮರ್ ಅವರಿಂದಲೇ ಮೆಲುದನಿಯಲ್ಲಿ ಆ ಮಾತುಗಳನ್ನು ಆಡಿಸಿದರು. ಮನುಷ್ಯನು ದೇವರ ಮಾತನ್ನು ತನ್ನೊಳಗಿನ ದನಿಯಲ್ಲಿಯೇ ಕೇಳುತ್ತಾನೆ ಎಂಬ ಭಾವ ಅಲ್ಲಿದೆ.

ಕ್ರೈಸ್ತರು, ಯೆಹೂದ್ಯರು, ಮುಸ್ಲಿಮರು ಮೂವರೂ ಮೋಶೆಯನ್ನು ಗೌರವಿಸುತ್ತಾರೆ. ಆದ್ದರಿಂದ ತಯಾರಕರು ಮೂರೂ ಮತಗಳ ವಿದ್ವಾಂಸರ ಸಲಹೆ ಪಡೆದರು. ಇದು ಮೂಲದ ರೂಪಾಂತರ, ಕೆಲವು ಸ್ವಾತಂತ್ರ್ಯ ತೆಗೆದುಕೊಂಡಿದ್ದೇವೆ, ಮೂಲಕಥೆ ವಿಮೋಚನಕಾಂಡದಲ್ಲಿದೆ ಎಂದು ಚಿತ್ರದ ಆರಂಭದಲ್ಲಿಯೇ ಬರೆದು ತೋರಿಸಿದರು. ಆದರೂ ಎಲ್ಲರ ಒಪ್ಪಿಗೆ ಸಿಗಲಿಲ್ಲ. ಪ್ರವಾದಿಗಳಿಗೆ ರೂಪ ಕೊಡಬಾರದೆಂಬ ನಂಬಿಕೆ ಇಸ್ಲಾಂನಲ್ಲಿ ಬಲವಾಗಿದೆ. ಮಲೇಷ್ಯಾ ಮತ್ತು ಮಾಲ್ಡೀವ್ಸ್ ದೇಶಗಳಲ್ಲಿ ಈ ಚಿತ್ರಕ್ಕೆ ನಿಷೇಧ ಬಂತು. ಪವಿತ್ರ ಕಥೆಗೆ ಕೈಹಚ್ಚುವವನು ಎಷ್ಟೇ ಎಚ್ಚರದಿಂದಿದ್ದರೂ ಯಾರದೋ ಮನಸ್ಸು ಮುಟ್ಟುತ್ತಲೇ ಇರುತ್ತಾನೆ.

ಇದೇ ಸಮಸ್ಯೆಗೆ ಬೇರೆಯವರು ಬೇರೆ ದಾರಿ ಹುಡುಕಿದ್ದಾರೆ. 2000ದಲ್ಲಿ ಬಂದ 'ದಿ ಮಿರಕಲ್ ಮೇಕರ್' ಬ್ರಿಟನ್ ಮತ್ತು ರಷ್ಯಾದ ಕಲಾವಿದರು ಜೊತೆಗೂಡಿ ಮಾಡಿದ ಯೇಸುವಿನ ಚಿತ್ರ. ಇದರಲ್ಲಿ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಪ್ರತಿ ಸಲ ಒಂದೊಂದು ಚಿತ್ರ ತೆಗೆದು ಜೋಡಿಸಿದ್ದಾರೆ. ಯೇಸು ಹೇಳುವ ಸಾಮತಿಗಳು, ಮನಸ್ಸಿನೊಳಗಿನ ನೆನಪು, ಭಯಗಳು ಬಂದಾಗ ಮಾತ್ರ ಬೊಂಬೆಗಳು ಮರೆಯಾಗಿ ಕೈಯಿಂದ ಬರೆದ ಚಿತ್ರ ಬರುತ್ತದೆ. ಹೊರಗಿನ ಘಟನೆ ಯಾವುದು, ಒಳಗಿನ ಅನುಭವ ಯಾವುದು ಎಂದು ಮಗುವೂ ಗುರುತಿಸಬಹುದು. ಯೇಸು ಬದುಕಿಸಿದ ಯಾಯಿರನ ಹನ್ನೆರಡು ವರ್ಷದ ಮಗಳಿಗೆ ಗ್ರಂಥದಲ್ಲಿ ಹೆಸರಿಲ್ಲ. ಚಿತ್ರವು ಅವಳಿಗೆ ತಾಮಾರ್ ಎಂದು ಹೆಸರಿಟ್ಟು, ಅವಳ ಕಣ್ಣಿನಿಂದ ಕಥೆ ಕಾಣಿಸುತ್ತದೆ.

ಇನ್ನೊಂದು ದಾರಿ ಹಾಸ್ಯದ್ದು. ಅಮೆರಿಕದಲ್ಲಿ 1993ರಲ್ಲಿ ಆರಂಭವಾದ 'ವೆಜಿಟೇಲ್ಸ್' ಸರಣಿಯಲ್ಲಿ ಟೊಮೆಟೊ, ಸೌತೆಕಾಯಿಗಳೇ ಪಾತ್ರಧಾರಿಗಳು. ಕಂಪ್ಯೂಟರಿನಲ್ಲಿ ಕೈಕಾಲು ಮೂಡಿಸುವುದು ಅಂದು ಕಷ್ಟವಾಗಿದ್ದರಿಂದ ಕೈಕಾಲಿಲ್ಲದ ತರಕಾರಿಗಳನ್ನು ಆರಿಸಿಕೊಂಡರು. ಯೇಸುವನ್ನು ಮಾತ್ರ ಎಂದೂ ತರಕಾರಿಯಾಗಿ ತೋರಿಸುವುದಿಲ್ಲವೆಂದು ಅದರ ನಿರ್ಮಾತೃಗಳು ತಮಗೆ ತಾವೇ ಗೆರೆ ಹಾಕಿಕೊಂಡಿದ್ದರು. ದಾವೀದ ರಾಜನು ಬೇರೊಬ್ಬನ ಹೆಂಡತಿಗೆ ಮನಸೋತು, ಆ ಗಂಡನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯಿಸಿದ ಕಥೆಯನ್ನು ಇವರು 2000ದಲ್ಲಿ ಹೇಳಿದ್ದು ಹೀಗೆ: ಬೀರುವಿನ ತುಂಬ ರಬ್ಬರ್ ಬಾತುಕೋಳಿಗಳಿದ್ದ ರಾಜ, ಒಬ್ಬ ಹುಡುಗನ ಬಳಿಯಿದ್ದ ಒಂದೇ ಬಾತುಕೋಳಿಗೆ ಆಸೆಪಡುತ್ತಾನೆ! ಮಗು ನಗುತ್ತದೆ, ಪರರ ವಸ್ತುವಿಗೆ ಆಸೆಪಡಬಾರದೆಂದು ಕಲಿಯುತ್ತದೆ. ಒಳ್ಳೆಯದೇ. ಆದರೆ ಆ ಹೆಣ್ಣು, ಆ ಸಾವು ಎರಡೂ ಮಾಯವಾದವು. ನೀತಿ ಉಳಿದು ಕಥೆ ಹೋಯಿತು. ಐದು ವರ್ಷದ ಮಗುವಿಗೆ ಇಷ್ಟು ಸಾಕು, ಹದಿನೈದರ ಮಗುವಿಗೆ ಸಾಲದು.

ಈ ಬಗೆಯ ಚಿತ್ರಗಳು ಇಂದಿಗೂ ಬರುತ್ತಿವೆ. 2025ರಲ್ಲಿ ತೆರೆಕಂಡ 'ದಿ ಕಿಂಗ್ ಆಫ್ ಕಿಂಗ್ಸ್' ದಕ್ಷಿಣ ಕೊರಿಯಾದ ಕಲಾವಿದರ ಕೆಲಸ. ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ಮಗನಿಗೆ ಯೇಸುವಿನ ಕಥೆ ಹೇಳುವಂತೆ ಅದನ್ನು ಹೆಣೆದಿದ್ದಾರೆ. ಡಿಕನ್ಸ್ ನಿಜವಾಗಿಯೂ 1840ರ ದಶಕದಲ್ಲಿ ತನ್ನ ಮಕ್ಕಳಿಗಾಗಿಯೇ ಯೇಸುವಿನ ಚರಿತ್ರೆಯೊಂದನ್ನು ಬರೆದಿದ್ದ. ಅದು ಮನೆಯೊಳಗೆ ಓದುವುದಕ್ಕೆಂದು ಬರೆದದ್ದು, ಅಚ್ಚಾದದ್ದು ಅವನು ತೀರಿಕೊಂಡು ಎಷ್ಟೋ ಕಾಲದ ಮೇಲೆ, 1934ರಲ್ಲಿ. ತಂದೆ ಹೇಳುವುದು, ಮಗು ನಡುನಡುವೆ ಪ್ರಶ್ನೆ ಕೇಳುವುದು: ಪವಿತ್ರ ಕಥೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿರುವುದು ಎಲ್ಲ ಕಡೆಯೂ ಹೀಗೆಯೇ ತಾನೆ?

ಆದ್ದರಿಂದ ಓದುಗರೇ, ನಿಮ್ಮಲ್ಲಿ ನನ್ನದೊಂದು ಬಿನ್ನಹವಿದೆ. ನೀವು ಯಾವ ಮತದವರೇ ಆಗಿರಿ, ಇಂಥ ಚಿತ್ರವನ್ನು ಮಗುವಿನ ಮುಂದೆ ಹಾಕಿ ಎದ್ದುಹೋಗಬೇಡಿ. ಜೊತೆಗೆ ಕುಳಿತು ನೋಡಿ. ಮುಗಿದ ಮೇಲೆ ಗ್ರಂಥದ ಆ ಅಧ್ಯಾಯವನ್ನು ತೆರೆದು ಓದಿ. ಚಿತ್ರದಲ್ಲಿದ್ದು ಇಲ್ಲಿ ಇಲ್ಲದ್ದು ಏನು, ಇಲ್ಲಿದ್ದು ಚಿತ್ರದಲ್ಲಿ ಇಲ್ಲದ್ದು ಏನು ಎಂದು ಮಗುವನ್ನೇ ಹುಡುಕಲು ಬಿಡಿ. ಮಕ್ಕಳು ಈ ಕೆಲಸದಲ್ಲಿ ನಮಗಿಂತ ಚುರುಕು. ಹಾಗೆ ಹುಡುಕಿದ ಮಗು, ಮೊದಲು ಕಂಡ ಚಿತ್ರವೇ ಕಥೆಯ ಪೂರ್ಣ ರೂಪವೆಂದು ನಂಬಿ ಕೂರುವುದಿಲ್ಲ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: 'ಸೋತವರಿಗಾಗಿ ನಿನಗೆ ಬೇಸರವಾಯಿತೇ?' ಆಯಿತು ಎಂದು ಮಗು ಹೇಳಿದರೆ, ಆ ಚಿತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ ಎಂದು ತಿಳಿಯಿರಿ. ಇಲ್ಲ ಎಂದರೆ ಚಿಂತೆ ಬೇಡ. ಈಜಿಪ್ಟಿನ ಆ ಮನೆಯಲ್ಲಿಯೂ ಒಬ್ಬ ತಾಯಿಯಿದ್ದಳು ಎಂದು ನೀವೇ ಹೇಳಿ. ಅಷ್ಟು ಕೆಲಸವನ್ನು ಯಾವ ಪರದೆಯೂ ನಮ್ಮ ಪರವಾಗಿ ಮಾಡಲಾರದು.