ನಕ್ಷೆ ಓದಲಾರದವರಿಗೊಂದು ಹಡಗು

1662ರ ಬೇಸಿಗೆ. ಲಂಡನ್ನಿನ ನೌಕಾ ಕಚೇರಿಯಲ್ಲಿ 29 ವರ್ಷದ ಅಧಿಕಾರಿಯೊಬ್ಬ ಮಗ್ಗಿ ಕಲಿಯುತ್ತಿದ್ದ. ಅವನ ಹೆಸರು ಸ್ಯಾಮ್ಯುಯೆಲ್ ಪೀಪ್ಸ್. ಯುದ್ಧನೌಕೆಗಳಿಗೆ ಬೇಕಾದ ಮರ, ಸೆಣಬು, ಡಾಂಬರುಗಳ ಖರೀದಿ ಪತ್ರಗಳೆಲ್ಲ ಅವನ ಮೇಜಿಗೆ ಬರುತ್ತಿದ್ದವು. ಅವನಿಗೋ ಗುಣಾಕಾರ ಬಾರದು, ಹಡಗಿನ ಯಾವ ಹಗ್ಗ ಯಾವ ಕೆಲಸಕ್ಕೆಂಬುದೂ ತಿಳಿಯದು. ಗುತ್ತಿಗೆದಾರರು ಟೋಪಿ ಹಾಕಿದರೂ ಗೊತ್ತಾಗುವಂತಿರಲಿಲ್ಲ. ಕೊನೆಗೆ ರಾಯಲ್ ಚಾರ್ಲ್ಸ್ ಹಡಗಿನಲ್ಲಿ ದುಡಿದಿದ್ದ ಕೂಪರ್ ಎಂಬ ನಾವಿಕನನ್ನು ಮೇಷ್ಟ್ರಾಗಿ ಗೊತ್ತುಮಾಡಿಕೊಂಡ. ಮೊದಲು ಮಗ್ಗಿ, ಆಮೇಲೆ ಹಡಗು. ಆ ಎರಡನೆಯ ಪಾಠಕ್ಕೆ ಕಚೇರಿಯಲ್ಲಿದ್ದ ಹಡಗಿನ ಮಾದರಿ ಬಹಳ ಉಪಯೋಗಕ್ಕೆ ಬಂತೆಂದು ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಹಾಯಿಯ ಯುದ್ಧನೌಕೆಗಳ ಮಾದರಿಗಳು ಮೊದಮೊದಲು ಮಾಡಿದ ಕೆಲಸವೇ ಇದು: ನಕ್ಷೆ ಓದಲು ಬಾರದ, ಆದರೆ ನಿರ್ಧಾರ ಮಾಡುವ ಅಧಿಕಾರವಿರುವ ಜನರಿಗೆ ಹಡಗು ತೋರಿಸುವುದು.

17ನೇ ಶತಮಾನದ ನಡುವಿನಿಂದ ಇಂಗ್ಲೆಂಡಿನಲ್ಲಿ ಇಂಥ ಮಾದರಿಗಳ ಒಂದು ಪರಂಪರೆಯೇ ಬೆಳೆಯಿತು. ಇವಕ್ಕೆ ‘ನೇವಿ ಬೋರ್ಡ್ ಮಾದರಿ’ ಎಂದು ಹೆಸರು. ಅಳತೆ ಸಾಮಾನ್ಯವಾಗಿ ಅಡಿಗೆ ಕಾಲಂಗುಲ, ಅಂದರೆ ನಿಜದ ಹಡಗಿನ 48ನೇ ಒಂದು ಪಾಲು. 168 ಅಡಿಯ ಹಡಗು ಮೂರೂವರೆ ಅಡಿಯಾಗಿ ಮೇಜಿನ ಮೇಲೆ ಕೂರುತ್ತದೆ. ಹಡಗು ಕಟ್ಟುವುದು ಓಕ್ ಮರದಲ್ಲಾದರೂ ಮಾದರಿಗೆ ಓಕ್ ಒಗ್ಗದು. ಅದರ ಎಳೆ ದಪ್ಪ, ಈ ಅಳತೆಯಲ್ಲಿ ಒರಟಾಗಿ ಕಾಣುತ್ತದೆ. ಹಾಗಾಗಿ ನುಣುಪಾದ ಪೇರ್ ಮರ, ಬಾಕ್ಸ್‌ವುಡ್‌ಗಳು ಬಳಕೆಗೆ ಬಂದವು.

ಈ ಮಾದರಿಗಳನ್ನು ನೋಡಿದ ಕೂಡಲೇ ಗಮನ ಸೆಳೆಯುವುದು ಅವುಗಳ ಕೆಳಭಾಗ. ಅಲ್ಲಿ ಹಲಗೆ ಹೊದಿಸಿರುವುದಿಲ್ಲ. ಪಕ್ಕೆಲುಬುಗಳು ಬೇಕೆಂದೇ ಹಾಗೆಯೇ ತೆರೆದಿರುತ್ತವೆ. ಆ ಪಕ್ಕೆಲುಬುಗಳೂ ಹಡಗುಕಟ್ಟೆಯಲ್ಲಿ ಕೂಡಿಸುತ್ತಿದ್ದ ರೀತಿಯಲ್ಲಿಲ್ಲ, ಕಣ್ಣಿಗೆ ಒಪ್ಪುವ ಒಂದು ಕ್ರಮದಲ್ಲಿ ಜೋಡಿಸಿದವು. ಹಿಂಬದಿಯ ಕೆತ್ತನೆ, ಮೂತಿಯ ಸಿಂಹ, ತೋಪುಗಳ ಕಿಂಡಿ ಸುತ್ತ ಚಿನ್ನದ ಬಣ್ಣದ ಹಾರ ಎಲ್ಲವೂ ಇವೆ. ಕಟ್ಟುವ ಬಡಗಿಗೆ ಇದ್ಯಾವುದೂ ಬೇಕಿರಲಿಲ್ಲ. ಮೆಚ್ಚಿಸಬೇಕಾದದ್ದು ದೊರೆಯನ್ನು, ಹಣ ಕೊಡುವವರನ್ನು. ಪೀಪ್ಸ್ ಕೂತಿದ್ದ ಕುರ್ಚಿಯಲ್ಲೇ ಮುಂದೆ ಕೂತ ಚಾರ್ಲ್ಸ್ ಸರ್ಗಿಸನ್ ಕೂಡಿಟ್ಟ ಮಾದರಿಗಳು ಸುತ್ತಿ ಬಳಸಿ ಅಮೆರಿಕದ ಹೆನ್ರಿ ಹಡಲ್‌ಸ್ಟನ್ ರಾಜರ್ಸ್ ಕೈಸೇರಿದವು. 1935ರಲ್ಲಿ ಅವನ ಉಯಿಲಿನಂತೆ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಗೆ ಬಂದವು.

ಮಾದರಿಯೊಂದು ರಾಜನೀತಿಗೇ ಕೈಹಾಕಿದ ಉದಾಹರಣೆ ಬೆಲೋನಾ ಎಂಬ ಯುದ್ಧನೌಕೆಯದು. ಹಡಗಿನ ತಳವನ್ನು ಬಿಸಿ ನಾಡುಗಳ ಕಡಲಿನಲ್ಲಿ ಮರಕೊರಕ ಹುಳು ಜರಡಿ ಮಾಡುತ್ತಿತ್ತು. ಪಾಚಿ, ಚಿಪ್ಪುಗಳು ಅಂಟಿ ವೇಗ ತಗ್ಗುತ್ತಿತ್ತು. ತಾಮ್ರದ ತಗಡು ಹೊದಿಸಿದರೆ ಹೇಗೆಂದು 1761ರಲ್ಲಿ ಅಲಾರ್ಮ್ ಎಂಬ ಫ್ರಿಗೇಟ್ ಮೇಲೆ ಪ್ರಯೋಗ ನಡೆಯಿತು. ಹುಳು ಹತ್ತಿರ ಸುಳಿಯಲಿಲ್ಲ, ಸರಿ. ಆದರೆ ಉಪ್ಪುನೀರಿನಲ್ಲಿ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಕರಗಿಹೋದವು. ಅಲ್ಲಿಗೆ ಉತ್ಸಾಹ ತಣ್ಣಗಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಫ್ರಾನ್ಸ್, ಸ್ಪೇನ್ ಎರಡೂ ಎದುರು ನಿಂತಾಗ ನೌಕಾ ಮಂಡಳಿಯ ಕಂಟ್ರೋಲರ್ ಚಾರ್ಲ್ಸ್ ಮಿಡ್ಲ್‌ಟನ್ ಇಡೀ ನೌಕಾಪಡೆಗೆ ತಾಮ್ರ ಹೊದಿಸಲೇಬೇಕೆಂದು ಹಟ ಹಿಡಿದ. ಅದು ಭಾರಿ ಖರ್ಚಿನ ಬಾಬತ್ತು. 74 ತೋಪುಗಳ ಬೆಲೋನಾದ ಮಾದರಿಗೆ ತಾಮ್ರದ ಪುಟ್ಟ ತಗಡುಗಳನ್ನು ಹೊದಿಸಿ, ಅದನ್ನು ಮೂರನೇ ಜಾರ್ಜ್ ದೊರೆಗೆ ತೋರಿಸಿ ಮಿಡ್ಲ್‌ಟನ್ ಒಪ್ಪಿಗೆ ಪಡೆದನೆಂದು ಇತಿಹಾಸಕಾರರು ಹೇಳುತ್ತಾರೆ. ಆ ಬೆಲೋನಾವನ್ನು 1814ರಲ್ಲಿ ಒಡೆದು ಹಾಕಿದರು. ಮಾದರಿ ಮಾತ್ರ ಬ್ರಿಟನ್ನಿನ ರಾಷ್ಟ್ರೀಯ ನೌಕಾ ಸಂಗ್ರಹದಲ್ಲಿ ಇವತ್ತಿಗೂ ಇದೆ.

ನಕ್ಷೆಯ ಹಂಗೇ ಇಲ್ಲದೆ ಮಾದರಿ ಹಡಗು ಕಟ್ಟಿದವರೂ ಇದ್ದರು. ಇಂಗ್ಲೆಂಡಿನ ಪೀಟರ್‌ಬರೋ ಹತ್ತಿರದ ನಾರ್ಮನ್ ಕ್ರಾಸ್‌ನಲ್ಲಿ 1797ರಲ್ಲಿ ಯುದ್ಧಕೈದಿಗಳಿಗೆಂದೇ ಒಂದು ಸೆರೆಮನೆ ಕಟ್ಟಿದರು. ಅಲ್ಲಿದ್ದ ಫ್ರೆಂಚ್ ಕೈದಿಗಳು ಊಟದ ಮಾಂಸದಿಂದ ಉಳಿದ ಮೂಳೆಯನ್ನು ಬೇಯಿಸಿ, ಸೀಳಿ, ಉಜ್ಜಿ ಹಲಗೆ ಮಾಡಿದರು. ಕೂದಲನ್ನು ಹುರಿಗೊಳಿಸಿ ಹಗ್ಗ ಮಾಡಿದರು. ಮರದ ಒಡಲಿನ ಮೇಲೆ ಮೂಳೆಯ ಹಲಗೆ ಹೊದ್ದ ಈ ಹಡಗುಗಳು ಸೆರೆಮನೆಯ ಬಾಗಿಲಿನ ಸಂತೆಯಲ್ಲೇ ಮಾರಾಟವಾಗುತ್ತಿದ್ದವು. ನೆನಪಿನಿಂದ ಕಟ್ಟಿದ್ದರಿಂದ ಅಳತೆ ತಪ್ಪುತ್ತಿತ್ತು, ಕೂವೆಮರಗಳು ಅತಿ ಎತ್ತರ. ಅದಕ್ಕೆ ಬದಲಾಗಿ ಒಂದು ಚಮತ್ಕಾರ ಇಟ್ಟಿದ್ದರು: ದಾರ ಎಳೆದರೆ ತೋಪುಗಳೆಲ್ಲ ಒಟ್ಟಿಗೆ ಒಳಸರಿಯುತ್ತಿದ್ದವು. ಗಿರಾಕಿಗೆ ಏನು ಬೇಕೆಂಬುದು ಕೈದಿಗಳಿಗೆ ಚೆನ್ನಾಗಿ ಗೊತ್ತಿತ್ತು.

ನಕ್ಷೆ ಎಷ್ಟು ಮುಖ್ಯವೆಂಬುದನ್ನು ಮುಂಬಯಿಯ ಹಡಗುಕಟ್ಟೆ ಬೇರೆಯದೇ ರೀತಿಯಲ್ಲಿ ಅನುಭವಿಸಿತು. ಪಾರ್ಸಿ ವಾಡಿಯಾ ಮನೆತನದವರು ಅಲ್ಲಿ ಮಲಬಾರಿನ ತೇಗದಿಂದ ಬ್ರಿಟಿಷ್ ನೌಕಾಪಡೆಗೆ ಹಡಗು ಕಟ್ಟುತ್ತಿದ್ದರು. ಅವರಿಗೆ ಒಂದು ಫ್ರಿಗೇಟಿನ ನಕ್ಷೆಗಳನ್ನು ಹೊತ್ತು ಹೊರಟಿದ್ದ ಜಾವಾ ನೌಕೆ 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಯುದ್ಧನೌಕೆಯ ಕೈಯಲ್ಲಿ ನಾಶವಾಯಿತು. ನಕ್ಷೆಗಳೂ ಹೋದವು. ಮತ್ತೊಂದು ಪ್ರತಿ ಬರಬೇಕಾಯಿತು. ಜಮ್‌ಷೆಡ್ಜಿ ಬೊಮಾನ್ಜಿ ವಾಡಿಯಾ ಕಟ್ಟಿದ ಆ ಫ್ರಿಗೇಟ್, ಟ್ರಿಂಕೋಮಲಿ, ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಅದು ಇವತ್ತಿಗೂ ನೀರಿನ ಮೇಲಿದೆ.

ಇಪ್ಪತ್ತನೇ ಶತಮಾನದಲ್ಲಿ ಈ ಕಸುಬು ಹವ್ಯಾಸಿಗಳ ಪಾಲಿಗೆ ಬಂತು. ಇಲ್ಲಿಂದ ಲೆಕ್ಕ ತಿರುಗುಮುರುಗಾಗುತ್ತದೆ: ಹಿಂದೆ ನಕ್ಷೆ ಬಾರದವರಿಗಾಗಿ ಮಾದರಿ, ಈಗ ನಕ್ಷೆಯನ್ನು ಅರೆದು ಕುಡಿದವರಿಂದ ಮಾದರಿ. ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ನನ ವಿಕ್ಟರಿ ಹಡಗನ್ನು 48ನೇ ಒಂದರ ಅಳತೆಯಲ್ಲಿ ಕಟ್ಟಿದ ಇಂಗ್ಲೆಂಡಿನ ವೈದ್ಯ ನೆಪಿಯನ್ ಲಾಂಗ್ರಿಜ್, ಆ ಅನುಭವವನ್ನೆಲ್ಲ 1955ರಲ್ಲಿ ದೊಡ್ಡ ಪುಸ್ತಕವಾಗಿಸಿದ. ಫ್ರಾನ್ಸಿನ ವಾಸ್ತುಶಿಲ್ಪಿ ಜ್ಯಾಂ ಬೂದ್ರಿಯೋ 74 ತೋಪುಗಳ ಹಡಗೊಂದರ ಮೊಳೆಮೊಳೆಯನ್ನೂ ನಾಲ್ಕು ಸಂಪುಟಗಳಲ್ಲಿ ಬಿಡಿಸಿಟ್ಟ.

ಕೆಲಸ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಹಗ್ಗವೊಂದೇ ಸಾಕು. ಹಳೆಯ ದಾಖಲೆಗಳಲ್ಲಿ 12 ಅಂಗುಲದ ಹಗ್ಗ ಎಂದಿದ್ದರೆ ಅದು ಸುತ್ತಳತೆ, ದಪ್ಪವಲ್ಲ. 48ನೇ ಒಂದರ ಮಾದರಿಯಲ್ಲಿ ಅದು ಸುಮಾರು ಎರಡು ಮಿಲಿಮೀಟರ್ ದಪ್ಪದ ದಾರ. ಇದು ತಿಳಿಯದ ಹೊಸಬರ ಹಡಗಿನಲ್ಲಿ ಹಗ್ಗ ಮೂರು ಪಟ್ಟು ದಪ್ಪವಾಗಿ ಕೂತಿರುತ್ತದೆ! ಪಳಗಿದವರು ಪುಟ್ಟ ಯಂತ್ರದಲ್ಲಿ ದಾರವನ್ನು ತಾವೇ ಹುರಿಗೊಳಿಸಿ, ಜೇನುಮೇಣ ಸವರುತ್ತಾರೆ. ಹಲಗೆಗಳನ್ನು ಬಿಗಿಯುವ ಮರದ ಮೊಳೆಗೆ ಬಿದಿರಿನ ಸೀಳನ್ನು ಉಕ್ಕಿನ ತಟ್ಟೆಯ ತೂತುಗಳಲ್ಲಿ ಒಂದಾದಮೇಲೊಂದರಂತೆ ಎಳೆದು, ಮಿಲಿಮೀಟರಿಗಿಂತ ತೆಳುವಾಗಿಸುತ್ತಾರೆ. ವಿಕ್ಟರಿಯ ತಳಕ್ಕೆ ಹೊದಿಸಿದ ತಾಮ್ರದ ತಗಡುಗಳು 4,000ದ ಹತ್ತಿರ. ಒಂದೊಂದೂ ನಾಲ್ಕು ಅಡಿ ಉದ್ದ, 14 ಅಂಗುಲ ಅಗಲ. ಮಾದರಿಯಲ್ಲಿ ಅದು ಒಂದಂಗುಲ ಉದ್ದ, ಏಳು ಮಿಲಿಮೀಟರ್ ಅಗಲದ ಚೂರು. ಅಷ್ಟನ್ನೂ ಒಂದೊಂದಾಗಿ ಅಂಟಿಸಬೇಕು.

ಇನ್ನು ಕೆಲವು ಹಡಗುಗಳಿಗೆ ನಕ್ಷೆಯೇ ಹುಟ್ಟಲಿಲ್ಲ. 1628ರಲ್ಲಿ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಅಂಥದ್ದು. ಬಡಗಿಗಳು ಅದನ್ನು ಅನುಭವದ ಅಳತೆಗಳ ಮೇಲೆ ಕಟ್ಟಿದ್ದರು. ಹಾಗಾಗಿ ಅದರ ಮಾದರಿ ಮಾಡುವವರಿಗೆ 1961ರಲ್ಲಿ ಮೇಲೆತ್ತಿದ ಹಡಗೇ ಆಧಾರ. ಬಹುಕಾಲ ಅದರ ಹಿಂಬದಿಯ ಹಿನ್ನೆಲೆ ಬಣ್ಣ ನೀಲಿಯೆಂದೇ ಜನ ನಂಬಿದ್ದರು, ಮಾದರಿಗಳಿಗೂ ನೀಲಿಯನ್ನೇ ಬಳಿದರು. ಆಮೇಲೆ ಕೆತ್ತನೆಗಳಲ್ಲಿ ಉಳಿದಿದ್ದ ಬಣ್ಣದ ಕಣಗಳ ಪರೀಕ್ಷೆ ನಡೆದು, ಅದು ಕೆಂಪೆಂದು ಗೊತ್ತಾಯಿತು. ಸ್ಟಾಕ್‌ಹೋಮಿನ ಮ್ಯೂಸಿಯಂನಲ್ಲಿ ಮೂಲ ಹಡಗಿನ ಬದಿಯಲ್ಲಿರುವ ಹತ್ತನೇ ಒಂದರ ಮಾದರಿ ಈಗ ಕೆಂಪು ಹೊದ್ದು ನಿಂತಿದೆ.