ಪಿಕಪ್ ಕೊಳ್ಳುವ ಮುನ್ನ ಒಂದು ಹಾಳೆ ಲೆಕ್ಕ

(ತರಕಾರಿ ಬೆಳೆಗಾರರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಹಲವರು ಪಿಕಪ್ ಗಾಡಿ ತಗೋಬೇಕು ಅಂತ ಯೋಚನೆ ಮಾಡ್ತಾ ಇದ್ದೀರಿ. ಯಾವ ಕಂಪನಿಯದು ಒಳ್ಳೇದು ಅಂತ ಕೇಳ್ತೀರಿ. ಹೇಳೋಣ. ಅದಕ್ಕೆ ಮುಂಚೆ ನಿಮ್ಮನ್ನು ಎರಡು ಪ್ರಶ್ನೆ ಕೇಳಬೇಕಾಗಿದೆ. ಒಂದು ಸಲಕ್ಕೆ ನೀವು ಹಾಕುವ ಲೋಡು ಎಷ್ಟು? ತಿಂಗಳಿಗೆ ನಿಮ್ಮದು ಎಷ್ಟು ಟ್ರಿಪ್ಪು? ಇವೆರಡಕ್ಕೆ ಉತ್ತರ ಇಲ್ಲದವನು ಯಾವ ಗಾಡಿ ತಂದರೂ ಅದು ಫೈನಾನ್ಸಿನವರ ಗಾಡಿಯೇ ಹೊರತು ಅವನದಲ್ಲ.

2023ರ ಜುಲೈ ನೆನಪು ಮಾಡಿಕೊಳ್ಳಿ. ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿತು. ಆ ದುಡ್ಡು ಕಣ್ಣಿಗೆ ಬಿದ್ದದ್ದೇ ತಡ, ಷೋರೂಮಿಗೆ ಹೋಗಿ ಅಡ್ವಾನ್ಸ್ ಕೊಟ್ಟು ಬಂದವರು ಇದ್ದಾರೆ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಕಂತು ಮಾತ್ರ ಒಂದು ಪೈಸೆ ಇಳಿಯಲಿಲ್ಲ. ನಮ್ಮ ಬೆಲೆಗೆ ಗ್ಯಾರಂಟಿ ಇಲ್ಲ, ಅವರ ಕಂತಿಗೆ ಗ್ಯಾರಂಟಿ ಇದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಈಗ ಗಾಡಿಗಳಿಗೆ ಬರೋಣ. 2005ರಲ್ಲಿ ಟಾಟಾ ಏಸ್ ಬಂತು. ಮುಕ್ಕಾಲು ಟನ್ನಿನ ಪುಟ್ಟ ಗಾಡಿ. 2011ರಲ್ಲಿ ಅಶೋಕ್ ಲೇಲ್ಯಾಂಡ್‌ನವರ ದೋಸ್ತ್ ಬಂತು, ಒಂದೂಕಾಲು ಟನ್ನಿನದು. 2020ರಲ್ಲಿ ಅದರ ಅಣ್ಣ ಬಡಾ ದೋಸ್ತ್. ಮಹೀಂದ್ರದವರ ಬೊಲೆರೋ ಪಿಕಪ್ಪಿನಲ್ಲಿ 1.3 ಟನ್ನಿನಿಂದ 2 ಟನ್ನಿನವರೆಗೂ ಬೇರೆ ಬೇರೆ ಮಾದರಿ ಇವೆ. ಟಾಟಾದವರು 2022ರಲ್ಲಿ 2 ಟನ್ ಹೊರುವ ಯೋಧಾ ತಂದರು. ಪೈಪೋಟಿ ಜೋರಾಗಿದೆ, ಅದು ನಮಗೆ ಒಳ್ಳೆಯದೇ. ಆದರೆ ಜಾಹೀರಾತಿನ ಟನ್ನನ್ನು ನಮ್ಮ ಬಾಕ್ಸಿಗೆ ಇಳಿಸಿ ನೋಡಬೇಕು.

ಹಣ್ಣು 15 ಕೆಜಿ, ಖಾಲಿ ಕ್ರೇಟು 2 ಕೆಜಿ ಅಂತಿಟ್ಟುಕೊಂಡರೆ ಒಂದು ಬಾಕ್ಸಿಗೆ 17 ಕೆಜಿ. ಮುಕ್ಕಾಲು ಟನ್ನಿನ ಗಾಡಿಗೆ 44 ಬಾಕ್ಸು. 1.3 ಟನ್ನಿಗೆ 76. 1.7 ಟನ್ನಿಗೆ ಸರಿಯಾಗಿ 100. ನಿಮ್ಮ ತೋಟದಲ್ಲಿ ಒಂದು ಕೊಯ್ಲಿಗೆ 60 ಬಾಕ್ಸು ಬಿಡೋದಾದರೆ 2 ಟನ್ನಿನ ಗಾಡಿಯ ಅರ್ಧ ಭಾಗ ಗಾಳಿ ಹೊತ್ತುಕೊಂಡು ಮಂಡಿಗೆ ಹೋಗುತ್ತೆ. ಆ ಗಾಳಿಗೂ ಬಡ್ಡಿ ಕಟ್ಟೋರು ನೀವೇ. ಇನ್ನು ಕೋಸು, ಬೀನ್ಸು, ಹೂವು ಹಾಕುವವರಿಗೆ ತೂಕಕ್ಕಿಂತ ಜಾಗ ಮುಖ್ಯ. ಅಂಥವರು ಹಿಂದಿನ ಡಬ್ಬದ ಉದ್ದ ಅಗಲವನ್ನು ಟೇಪು ಹಿಡಿದು ಅಳೆಯಿರಿ. ಆಲೂಗಡ್ಡೆ, ಈರುಳ್ಳಿಯವರು ತೂಕ ನೋಡಿ.

ಬೊಲೆರೋ, ಯೋಧಾಗಳಿಗೆ ಮುಂದೆ ಮೂತಿ ಇದೆ, ಇಂಜಿನ್ ಅಲ್ಲಿದೆ. ದೋಸ್ತ್ ತರಹದವಕ್ಕೆ ಮೂತಿ ಇಲ್ಲ, ಇಂಜಿನ್ ಸೀಟಿನ ಕೆಳಗೆ. ಮೂತಿ ಇಲ್ಲದ ಗಾಡಿಯನ್ನು ಇಕ್ಕಟ್ಟಿನ ಗಲ್ಲಿಯಲ್ಲಿ, ಮಂಡಿಯ ನೂಕುನುಗ್ಗಲಿನಲ್ಲಿ ತಿರುಗಿಸೋದು ಸುಲಭ. ಬೊಲೆರೋದು ಎರಡೂವರೆ ಲೀಟರಿನ ಇಂಜಿನ್, ಯೋಧಾದು 2.2 ಲೀಟರು, ದೋಸ್ತ್, ಬಡಾ ದೋಸ್ತ್‌ಗಳದು ಒಂದೂವರೆ ಲೀಟರು. ಏರು ದಾರಿ, ಹಳ್ಳದ ದಾರಿ ಇದ್ದವರಿಗೆ ದೊಡ್ಡ ಇಂಜಿನ್ ನೆಮ್ಮದಿ. ಟಾರು ರಸ್ತೆಯಲ್ಲೇ ಓಡಾಡುವವರಿಗೆ ಡೀಸೆಲ್ ಕುಡಿಯೋದು ಕಡಿಮೆ ಇದ್ದರೆ ಸಾಕು. ಮೈಲೇಜು ಎಷ್ಟು ಅಂತ ಸೇಲ್ಸ್‌ಮನ್ನನ್ನು ಕೇಳಬೇಡಿ. ಅದೇ ಗಾಡಿಯನ್ನು ಎರಡು ವರ್ಷ ಓಡಿಸಿದ ಡ್ರೈವರಿಗೆ ಒಂದು ಟೀ ಕುಡಿಸಿ ಕೇಳಿ. ಬಿಡಿಭಾಗ ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತಾ, ಎರಡು ದಿನ ಕಾಯಬೇಕಾ ಅನ್ನೋದನ್ನೂ ಅವರೇ ಹೇಳ್ತಾರೆ. ಕೊಯ್ಲಿನ ವಾರ ಗಾಡಿ ಮೆಕ್ಯಾನಿಕ್ ಹತ್ತಿರ ನಿಂತರೆ ಹಣ್ಣು ಕಾಯೋದಿಲ್ಲ.

ಕಾನೂನಿನ ಮಾತೂ ಇದೆ. ಒಟ್ಟು ತೂಕ, ಅಂದರೆ ಗಾಡಿಯದೂ ಲೋಡಿನದೂ ಸೇರಿ 3,000 ಕೆಜಿ ದಾಟದ ಸರಕು ವಾಹನಕ್ಕೆ ಪರ್ಮಿಟ್ ಬೇಡ ಅಂತ 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತೆ. 1.7 ಟನ್, 2 ಟನ್ ಗಾಡಿಗಳು ಆ ಗೆರೆ ದಾಟುತ್ತವೆ. ದೊಡ್ಡದನ್ನು ತಗೊಂಡರೆ ಪರ್ಮಿಟ್ಟಿನ ಖರ್ಚೂ ಸೇರಿತು ಅಂತ ತಿಳಿಯಿರಿ. 2019ರ ತಿದ್ದುಪಡಿ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000. ಗಾಡಿ ಹೊರುತ್ತೆ ಅಂತ ನಾವು ತುಂಬೋದು, ಸಿಕ್ಕಿಬಿದ್ದ ದಿನ ಒಂದು ತಿಂಗಳ ದುಡಿಮೆ ರಸ್ತೆಯಲ್ಲೇ ಕರಗೋದು. ಗಾಡಿಗೆ ಕಬ್ಬಿಣದ ಕಟ್ಟು ಕಟ್ಟಿಸಿದರೆ ಅದರ ತೂಕವೂ ನಿಮ್ಮ ಲೋಡಿನಿಂದಲೇ ಕಳೆದುಹೋಗುತ್ತೆ, ಮರೀಬೇಡಿ. ಒಂದು ಸಮಾಧಾನದ ಸಂಗತಿ: ಕಾರಿನ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಖಚಿತಪಡಿಸಿದೆ.

ಇನ್ನು ಸಾಲಕ್ಕೆ ಬರೋಣ. ನಮ್ಮನ್ನು ಮುಳುಗಿಸೋದು ಇಲ್ಲೇ. ಎರಡು ಕಂಪನಿ ಗಾಡಿಗಳ ಬೆಲೆಯಲ್ಲಿ 30-40 ಸಾವಿರದ ವ್ಯತ್ಯಾಸಕ್ಕೆ ನಾವು ವಾರಗಟ್ಟಲೆ ಚರ್ಚೆ ಮಾಡ್ತೀವಿ. ಬಡ್ಡಿಯಲ್ಲಿ ಲಕ್ಷ ಹೋಗೋದನ್ನು ಐದು ನಿಮಿಷದಲ್ಲಿ ಸಹಿ ಹಾಕಿ ಬರ್ತೀವಿ.

8 ಲಕ್ಷ ಸಾಲ, ನಾಲ್ಕು ವರ್ಷ, ಶೇಕಡಾ 9 ಬಡ್ಡಿ. "ಫ್ಲಾಟ್" ಅಂತಾರೆ. ಅಂದರೆ ನೀವು ಎಷ್ಟೇ ಅಸಲು ತೀರಿಸಿದರೂ ಕೊನೆಯ ತಿಂಗಳವರೆಗೂ ಪೂರ್ತಿ 8 ಲಕ್ಷಕ್ಕೇ ಬಡ್ಡಿ. ಬಡ್ಡಿಯೇ 2,88,000. ತಿಂಗಳ ಕಂತು 22,667. ಅದೇ ಶೇಕಡಾ 9ನ್ನು ಉಳಿದ ಬಾಕಿಯ ಮೇಲೆ ಮಾತ್ರ ಹಾಕಿದರೆ ಕಂತು ಸುಮಾರು 19,900. ನಾಲ್ಕು ವರ್ಷದಲ್ಲಿ ವ್ಯತ್ಯಾಸ ಸುಮಾರು 1 ಲಕ್ಷ 32 ಸಾವಿರ. ಫ್ಲಾಟ್ 9 ಅನ್ನೋದು ನಿಜದಲ್ಲಿ ಸುಮಾರು 16. ಬಾಯಲ್ಲಿ ಒಂಬತ್ತು, ಜೇಬಿನಿಂದ ಹದಿನಾರು!

ಇದಕ್ಕೆ ಮದ್ದು ಇದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲದ ಮುಖ್ಯ ವಿವರಗಳ ಹಾಳೆಯನ್ನು ಮೊದಲೇ ಕೊಡಬೇಕು, ಎಲ್ಲ ಖರ್ಚು ಸೇರಿಸಿ ವರ್ಷಕ್ಕೆ ನಿಜವಾದ ದರ ಎಷ್ಟು ಅಂತ ಅದರಲ್ಲಿ ಬರೆದಿರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕು ಆಜ್ಞೆ ಮಾಡಿದೆ. 2024ರ ಅಕ್ಟೋಬರಿನಿಂದ ಹೊಸ ಸಾಲಗಳಿಗೆ ಇದು ಕಡ್ಡಾಯ. ಕನ್ನಡದಲ್ಲಿ ಕೊಡಿ ಅಂತ ಕೇಳಿ. ಇದು ಭಿಕ್ಷೆ ಅಲ್ಲ, ಹಕ್ಕು. ಎರಡು ಮೂರು ಕಡೆಯ ಹಾಳೆ ತಂದು ಪಕ್ಕಪಕ್ಕ ಇಟ್ಟು ನೋಡಿ. ವಿಮೆಯನ್ನು ಷೋರೂಮಿನವರ ಹತ್ತಿರವೇ ಮಾಡಿಸಬೇಕೆಂದೇನೂ ಕಾನೂನಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 8 ಲಕ್ಷದ ಗಾಡಿಗೆ ಅದೇ 80 ಸಾವಿರ ಕಡಿಮೆ. ಕೊಟೇಶನ್ನಿನಲ್ಲಿ ತೆರಿಗೆಯನ್ನು ಬೇರೆ ಬರೆಸಿಕೊಳ್ಳಿ.

ಕಡೆಯ ಲೆಕ್ಕ. ಬಾಡಿಗೆ ಗಾಡಿಯವನು ಟ್ರಿಪ್ಪಿಗೆ 2,000 ಕೇಳ್ತಾನೆ ಅಂತಿಟ್ಟುಕೊಳ್ಳಿ. ಸ್ವಂತ ಗಾಡಿಯಾದರೂ ಡೀಸೆಲ್ಲಿಗೆ 700 ಬೇಕು. ಉಳಿಯೋದು 1,300. ಕಂತು 22,667, ವಿಮೆ, ಟೈರು, ಸರ್ವಿಸು ತಿಂಗಳಿಗೆ ಒಂದು 6,000. ಒಟ್ಟು 28,667. ಅದನ್ನು 1,300ರಿಂದ ಭಾಗಿಸಿ. 22 ಟ್ರಿಪ್ಪು! ಅದೂ ನಿಮ್ಮ ಕೂಲಿ, ನಿದ್ದೆ ಬಿಟ್ಟದ್ದು ಲೆಕ್ಕಕ್ಕೆ ಇಲ್ಲದೆ. ಎರಡು ಎಕರೆ ಟೊಮ್ಯಾಟೊದವನಿಗೆ ಕೊಯ್ಲಿನ ತಿಂಗಳಲ್ಲೇ ಏಳೆಂಟು ಟ್ರಿಪ್ಪು ಆದರೆ ಹೆಚ್ಚು. ಉಳಿದ ತಿಂಗಳು ಗಾಡಿ ಮನೆ ಮುಂದೆ ನಿಂತು ಬಡ್ಡಿ ತಿನ್ನುತ್ತೆ.

ಹಾಗಾದರೆ ಗಾಡಿಯೇ ಬೇಡವಾ? ಬೇಡ ಅಂತ ನಾನು ಹೇಳೋದಿಲ್ಲ. ನಾಲ್ಕೈದು ಮನೆ ಸೇರಿ ಒಂದು ಗಾಡಿ ತಗೊಳ್ಳಿ. ಬೇರೆ ಬೇರೆ ವಾರ ಕೊಯ್ಲಿಗೆ ಬರುವ ಹಾಗೆ ನಾಟಿ ಮಾಡಿ. ಯಾರ ಲೋಡು ಎಂದು, ಡೀಸೆಲ್ ಯಾರದು, ಕಂತಿಗೆ ಯಾರ ಪಾಲು ಎಷ್ಟು, ಎಲ್ಲ ಮೊದಲೇ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಅಣ್ಣತಮ್ಮಂದಿರಾದರೂ ಬರೆಯಿರಿ. ಅದಾಗದಿದ್ದರೆ ಬಾಡಿಗೆ ಗಾಡಿಯೇ ಲೇಸು. ಅದರಲ್ಲಿ ಅವಮಾನ ಏನೂ ಇಲ್ಲ.

1980ರ ದಶಕದಲ್ಲಿ ಟ್ರ್ಯಾಕ್ಟರ್ ಜಪ್ತಿಗೆ ಬಂದವರನ್ನು ತಡೆಯೋಕೆ ನಮ್ಮ ಹಿರಿಯರು ಊರ ಬಾಗಿಲಲ್ಲಿ ಬೋರ್ಡು ಹಾಕಿ ನಿಂತರು. ಆ ಹೋರಾಟ ಇನ್ನೂ ಮುಗಿದಿಲ್ಲ. ಗಾಡಿ ನಮ್ಮ ಮಾಲನ್ನು ಮಂಡಿಗೆ ಒಯ್ಯುತ್ತೆ, ನ್ಯಾಯವಾದ ಬೆಲೆಯನ್ನು ವಾಪಸು ಹೊತ್ತು ತರೋದಿಲ್ಲ. ಅದನ್ನು ನಾವು ಒಟ್ಟಾಗಿ ನಿಂತು ತರಬೇಕು. ಅಲ್ಲಿಯವರೆಗೆ, ಷೋರೂಮಿನ ಮೆಟ್ಟಿಲು ಹತ್ತುವ ಮುಂಚೆ ಒಂದು ಹಾಳೆ ತಗೊಂಡು ಟ್ರಿಪ್ಪು, ಬಾಕ್ಸು, ಕಂತು ಮೂರನ್ನೂ ಬರೆಯಿರಿ. ಮನೆಯ ಹೆಣ್ಣುಮಕ್ಕಳಿಗೆ ಓದಿ ಹೇಳಿ. ಅವರು ಸರಿ ಅಂದ ಮೇಲೆ ಹೊರಡಿ.